ಘಟ್ಟದ ರಸ್ತೆಗೆ ಯಾವ ಕ್ರೂಸರ್?

ಮಲೆನಾಡಿನವರಿಗೆ ಕ್ರೂಸರ್, ಎಂದರೆ ತಗ್ಗು ಸೀಟಿನಲ್ಲಿ ಕಾಲು ಮುಂದಕ್ಕೆ ಚಾಚಿ ಕೂರುವ ಬೈಕ್, ಆಗಿಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಕ್ರೂಸರ್ ಆದರೂ ಇಲ್ಲಿ ನಡೆಯುತ್ತದೆ ಎಂಬ ಶೋರೂಮಿನ ಮಾತನ್ನೂ ಒಪ್ಪುವುದಿಲ್ಲ. ಹಳೆಯ ಬಜಾಜ್ ಅವೆಂಜರ್ 220 ಕೊಟ್ಟು ಬೇರೆ ಬೈಕ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಗೊತ್ತಾದ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆಯ ಸ್ನೇಹಿತರು 350 ಸಿಸಿಯದ್ದು ಸಾಕೇ, 650 ಸಿಸಿಗೆ ಹೋಗಬೇಕೇ ಎಂದು ಕೇಳುತ್ತಲೇ ಇದ್ದಾರೆ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ: ನಮ್ಮ ಊರಿನ ರಸ್ತೆಗೆ, ನಮ್ಮ ಮನೆಗಳಿಗೆ 350 ಸಾಕು. ಸಾಕು ಎನ್ನುವುದಕ್ಕಿಂತ ಅದೇ ಸರಿ. ಕಾರಣವನ್ನೂ ಬರೆಯುತ್ತೇನೆ.

ಅವೆಂಜರ್ ಬಗ್ಗೆ ನನಗೆ ಯಾವ ದೂರೂ ಇಲ್ಲ. ಸೀಟಿನ ಎತ್ತರ 737 ಮಿಲಿಮೀಟರ್. ಸೀರೆ ಉಟ್ಟ ಅಮ್ಮ ಯಾರ ಕೈ ಹಿಡಿಯದೆ ಹತ್ತಿ ಕೂರುತ್ತಾರೆ. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ಸಾಗುವ ರಸ್ತೆಯಲ್ಲಿ ಅದರಷ್ಟು ಹಾಯಾದ ಗಾಡಿ ಇನ್ನೊಂದಿಲ್ಲ. ಅದು ಸೋಲುವುದು ಘಾಟಿಯಲ್ಲಿ. ಆಗುಂಬೆಯ 14 ತಿರುವುಗಳಲ್ಲಿ ವೇಗಕ್ಕೆ ಕೆಲಸವೇ ಇಲ್ಲ. ಮೇಲಿನಿಂದ ಮಿನಿ ಬಸ್ ಇಳಿಯುತ್ತಿರುತ್ತದೆ, ನಾವು ಬದಿಗೆ ಸರಿದು ನಡಿಗೆಯ ವೇಗಕ್ಕೆ ಇಳಿದಿರುತ್ತೇವೆ, ಅಲ್ಲಿಂದ ಎರಡನೇ ಗೇರಿನಲ್ಲೇ ಗಾಡಿ ಮೇಲೆದ್ದು ಹೋಗಬೇಕು. ಅವೆಂಜರ್ ಅಲ್ಲಿ ಮುಕ್ಕರಿಯುತ್ತದೆ. ಮೊದಲನೇ ಗೇರಿಗೆ ಇಳಿಸಿ, ಎಕ್ಸಿಲರೇಟರ್ ತಿರುವಿ, ಕ್ಲಚ್ಚನ್ನು ಅರ್ಧ ಹಿಡಿದು ಎಳೆಸಬೇಕು.

ಇದು ಗಾಡಿ ಹಳತಾದದ್ದರಿಂದ ಬಂದ ದೋಷವಲ್ಲ, ಎಂಜಿನ್ನಿನ ಸ್ವಭಾವ. ಕಾಗದದ ಮೇಲೆ ಅವೆಂಜರ್ 220ರ ಶಕ್ತಿ ಸುಮಾರು 19 ಅಶ್ವಶಕ್ತಿ, 350 ಸಿಸಿಯ ಕ್ರೂಸರ್ ಆದ ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350ರದ್ದು ಸುಮಾರು 20. ಇಷ್ಟೇ ನೋಡಿದವರು ಎರಡೂ ಒಂದೇ ಎನ್ನುತ್ತಾರೆ. ಟಾರ್ಕ್, ಎಂದರೆ ಎಂಜಿನ್ನಿನ ತಿರುಗಿಸುವ ಬಲ, ಎಷ್ಟಿದೆ ನೋಡಿ. ಅವೆಂಜರ್‌ನದು 17.5 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 7000 ಸುತ್ತು ತಿರುಗಿದಾಗ. ಮೀಟಿಯೋರ್ 27 ನ್ಯೂಟನ್ ಮೀಟರ್ ಕೊಡುತ್ತದೆ, 4000 ಸುತ್ತಿನಲ್ಲೇ. ಹಿಂದೆ ಒಬ್ಬರು ಕೂತಿದ್ದು, ಪಕ್ಕದಲ್ಲಿ ಚೀಲ ತೂಗುತ್ತಿರುವಾಗ ಏರು ತಿರುವಿನಲ್ಲಿ ಕೈಗೆ ಸಿಗುವುದು ಈ ಕೆಳಗಿನ ಸುತ್ತಿನ ಎಳೆತ ಮಾತ್ರ. ಗೆಳೆಯನ ಮೀಟಿಯೋರ್ ತೆಗೆದುಕೊಂಡು ಅದೇ ಘಾಟಿ ಹತ್ತಿದಾಗ ನನಗೆ ಬೇರೆ ಪುರಾವೆ ಬೇಕೆನಿಸಲಿಲ್ಲ. ಮೊದಲನೇ ಗೇರನ್ನು ಮುಟ್ಟಬೇಕಾದ ಸಂದರ್ಭವೇ ಬರಲಿಲ್ಲ.

ಹಾಗಾದರೆ 52 ನ್ಯೂಟನ್ ಮೀಟರ್ ಇರುವ ಸೂಪರ್ ಮೀಟಿಯೋರ್ 650 ಇನ್ನೂ ಒಳ್ಳೆಯದಲ್ಲವೇ? ಚಿತ್ರದುರ್ಗ ದಾಟಿ ಹೆದ್ದಾರಿ ಹಿಡಿಯುವವರಿಗೆ ಖಂಡಿತ ಒಳ್ಳೆಯದು. ಆ ಗಾಡಿಯ ನಯಗಾರಿಕೆ ನನಗೂ ಬಹಳ ಇಷ್ಟ. ಆದರೆ ಅದರ ತೂಕ 241 ಕಿಲೋ. ನನ್ನ ಅವೆಂಜರ್‌ಗಿಂತ ಎಂಬತ್ತು ಕಿಲೋದಷ್ಟು ಹೆಚ್ಚು, ಎಂದರೆ ಸದಾ ದೊಡ್ಡ ಆಳೊಬ್ಬನನ್ನು ಕೂರಿಸಿಕೊಂಡೇ ತಿರುಗಿದ ಹಾಗೆ. ಓಡುವಾಗ ಆ ಭಾರ ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ. ಬೆಂಗಳೂರಿನಿಂದ ಬಂದ ಸ್ನೇಹಿತರೊಬ್ಬರು ಅದನ್ನು ನಮ್ಮ ದಣಪೆಯ, ಎಂದರೆ ಬೇಲಿ ಬಾಗಿಲಿನ, ಒಳಗೆ ತಂದು ನಿಲ್ಲಿಸಿದ್ದರು. ಮಾರನೆಯ ದಿನ ಹೊರಗೆ ತೆಗೆಯಬೇಕು. ಇಳಿಜಾರಿನ ಓಣಿ, ಜಂಬಿಟ್ಟಿಗೆಯ ಮೇಲೆ ಹಾವಸೆ ಕಟ್ಟಿದೆ, ರಾತ್ರಿಯಿಡೀ ಸುರಿದ ಮಳೆ. ಅವರು ಹ್ಯಾಂಡಲ್ ಹಿಡಿದು, ನಾನು ಹಿಂದಿನಿಂದ ತಳ್ಳಿ, ಬೂಟು ಜಾರಿ, ಅಂತೂ ರಸ್ತೆಗೆ ತಂದೆವು. "ಮಾರಾಯರೇ, ಇದು ರಸ್ತೆ ಪಕ್ಕದ ಮನೆಯವರ ಗಾಡಿ" ಎಂದರು ಅವರೇ. ಮಲೆನಾಡಿನಲ್ಲಿ ರಸ್ತೆ ಪಕ್ಕದಲ್ಲೇ ಮನೆ ಇರುವವರು ಎಷ್ಟು ಜನ?

ಇನ್ನೊಂದು, ನೆಲದಿಂದ ಗಾಡಿಯ ಹೊಟ್ಟೆಗೆ ಇರುವ ಅಂತರ. 650ರದ್ದು 135 ಮಿಲಿಮೀಟರ್, ಮೀಟಿಯೋರ್ 350ರದ್ದು 170. ಮಳೆಗಾಲ ಕಳೆದ ಮೇಲೆ ಹೊಸನಗರ, ನಗರದ ಕಡೆಯ ಒಳರಸ್ತೆಗಳನ್ನು ನೋಡಿದವರಿಗೆ ಈ ಮೂರೂವರೆ ಸೆಂಟಿಮೀಟರಿನ ಬೆಲೆ ವಿವರಿಸಬೇಕಾಗಿಲ್ಲ. ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ. ಹೊಂಡ ಬಂದಾಗ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಲು ಆಗುವುದಿಲ್ಲ, ಪೆಟ್ಟು ನೇರ ಸೊಂಟಕ್ಕೆ. ಹಿಮಾಲಯನ್ ಥರದ ಎತ್ತರದ ಅಡ್ವೆಂಚರ್ ಬೈಕ್ ತೆಗೆದುಕೊಳ್ಳಿ ಎನ್ನುವವರ ವಾದದಲ್ಲಿ ಇಷ್ಟು ಸತ್ಯವಿದೆ. ಆದರೆ ಆ ಸೀಟಿನ ಎತ್ತರಕ್ಕೆ ಅಮ್ಮ ಹತ್ತಲಾರರು, ಮಾತು ಅಲ್ಲಿಗೆ ಮುಗಿಯಿತು. ಜಾವಾ 42 ಬಾಬರ್ ಕಣ್ಣಿಗೆ ಹಬ್ಬ, ಮೈಸೂರಿನ ಕಾರ್ಖಾನೆಯ ಕಾಲದಿಂದ ಆ ಹೆಸರಿನ ಮೇಲೆ ನಮ್ಮವರಿಗೆ ಇರುವ ಪ್ರೀತಿಯೂ ದೊಡ್ಡದು, ಆದರೆ ಅದರಲ್ಲಿ ಒಬ್ಬರೇ ಕೂರಬೇಕು.

ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ವಿಚಾರದಲ್ಲಿ ಮಾತ್ರ ನಾನು ಯಾರ ಜೊತೆಗೂ ರಾಜಿಗೆ ಸಿದ್ಧನಿಲ್ಲ. 125 ಸಿಸಿಗಿಂತ ದೊಡ್ಡ ಎಲ್ಲ ಬೈಕುಗಳಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ನನ್ನ ಗಾಡಿಗೆ ಇಲ್ಲ, ಹಿಂದಿನ ಬ್ರೇಕೂ ಡ್ರಮ್. ತರಗೆಲೆ ಕೊಳೆತು ಬಿದ್ದ ಒದ್ದೆ ರಸ್ತೆಯಲ್ಲಿ ಎರಡೂ ಚಕ್ರಕ್ಕೆ ಎಬಿಎಸ್ ಇರುವ ಗಾಡಿಯೇ ಬೇಕು. ರಾಯಲ್ ಎನ್‌ಫೀಲ್ಡ್‌ನ ಹಳೆಯ ಕ್ರೂಸರ್ ಥಂಡರ್‌ಬರ್ಡ್ ಅನ್ನು ಸೆಕೆಂಡ್ ಹ್ಯಾಂಡ್ ಹುಡುಕುತ್ತಿರುವ ಹುಡುಗರು ಇದನ್ನು ದಯವಿಟ್ಟು ಗಮನಿಸಿ. ಎಬಿಎಸ್ ಬಂದದ್ದು ಅದರ ಕೊನೆಯ ವರ್ಷಗಳ ಗಾಡಿಗಳಿಗೆ ಮಾತ್ರ. ಚಕ್ರವೂ ಅಲಾಯ್ ಇದ್ದು ಟ್ಯೂಬ್‌ಲೆಸ್ ಟಯರ್ ಇರಲಿ. ಮಾಸ್ತಿಕಟ್ಟೆ, ಹುಲಿಕಲ್ ನಡುವೆ ಕಡ್ಡಿ ಚಕ್ರದ ಟ್ಯೂಬ್ ಪಂಕ್ಚರ್ ಆದರೆ ಚಕ್ರ ಬಿಚ್ಚುವವರು ಸಿಗುವಷ್ಟರಲ್ಲಿ ಕತ್ತಲಾಗುತ್ತದೆ.

ಹಣದ ಲೆಕ್ಕವೂ 350ರ ಕಡೆಗೇ ವಾಲಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡದಕ್ಕೆ ಶೇ 40 ಆಯಿತು. ಮೀಟಿಯೋರ್ 349 ಸಿಸಿ. ಹಾಗಾಗಿ ನಾನು ಮುಂಗಡ ಕೊಟ್ಟಿರುವುದು ಅದಕ್ಕೇ.

ಇನ್ನು ಎಕ್ಸ್‌ಚೇಂಜ್. ಒಂದು ಶೋರೂಮಿನಲ್ಲಿ ನನ್ನ ಗಾಡಿಯನ್ನು ಸ್ಟಾರ್ಟ್ ಕೂಡ ಮಾಡದೆ ದೂರದಿಂದಲೇ ನೋಡಿ ಬೆಲೆ ಹೇಳಿದರು, ಅದರೊಳಗೇ ಎಕ್ಸ್‌ಚೇಂಜ್ ಬೋನಸ್ಸನ್ನೂ ಸೇರಿಸಿದ್ದರು. ಹಳೆಯ ಗಾಡಿಗೆ ಎಷ್ಟು, ಬೋನಸ್ ಎಷ್ಟು ಎಂದು ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಆಗ ಹೊರಗೆ ಮಾರುವುದು ಲಾಭವೇ ಎಂಬುದು ತಾನೇ ತಿಳಿಯುತ್ತದೆ. ವಿಮೆಯ ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಗಾಡಿಯ ಹಾನಿಗೆಂದು ಕಟ್ಟುವ ಪ್ರೀಮಿಯಂನಲ್ಲಿ ಶೇ 50ರವರೆಗೆ ರಿಯಾಯಿತಿ ಇರುತ್ತದೆ. ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸ ಗಾಡಿಗೆ ಹಾಕಿಸಿಕೊಳ್ಳಬಹುದು. ಇದನ್ನು ಯಾವ ಶೋರೂಮಿನವರೂ ನನಗೆ ತಾವಾಗಿ ಹೇಳಲಿಲ್ಲ.

ಆರ್‌ಸಿ ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ. ಸಾಲ ಇದ್ದರೆ ತೀರಿಸಿ, ಫಾರಂ 35 ಕೊಟ್ಟು ಬ್ಯಾಂಕಿನ ಹೆಸರು ತೆಗೆಸಿ. ಮಾರಿದ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸುವ ಹೊಣೆ ಮಾರಿದವರದ್ದೇ. ಹೆಸರು ಬದಲಾಗುವ ಮೊದಲು ಆ ಗಾಡಿ ಯಾರಿಗಾದರೂ ಡಿಕ್ಕಿ ಹೊಡೆದರೆ ನೋಟಿಸ್ ಬರುವುದು ನಿಮ್ಮ ಮನೆಗೆ. ಹೊಸ ಬೈಕಿನ ಸಂಭ್ರಮದಲ್ಲಿದ್ದರೂ ಪರಿವಾಹನ್ ಜಾಲತಾಣದಲ್ಲಿ ಹಳೆಯ ಕೆಎ 14 ನಂಬರ್ ಹಾಕಿ, ಅದು ಈಗ ಯಾರ ಹೆಸರಿನಲ್ಲಿದೆ ಎಂದು ವಾರಕ್ಕೊಮ್ಮೆ ನೋಡುತ್ತಿರಿ.