ಗಲ್ಲು ಬೇಡ, ಜೀವಾವಧಿ ಇರಲಿ ಅಂದ ಚರ್ಚು

2023ರ ಮೇ ತಿಂಗಳಲ್ಲಿ ಉಗಾಂಡಾದ ಅಧ್ಯಕ್ಷ ಮುಸೆವೆನಿ ಸಲಿಂಗಕಾಮ ವಿರೋಧಿ ಕಾನೂನಿಗೆ ಸಹಿ ಹಾಕಿದರು. ಸಲಿಂಗ ಸಂಬಂಧಕ್ಕೆ ಜೀವಾವಧಿ. ಅದರ ಪರವಾಗಿ ಪ್ರಚಾರ ಮಾಡಿದರೆ 20 ವರ್ಷದವರೆಗೆ ಜೈಲು. ಕೆಲವು ಪ್ರಕರಣಗಳಿಗೆ ಮರಣದಂಡನೆ. ಮಕ್ಕಳ ಮೇಲಿನ ದೌರ್ಜನ್ಯವನ್ನೂ, ಇಬ್ಬರು ದೊಡ್ಡವರು ಒಪ್ಪಿ ಕೂಡಿದ್ದಕ್ಕೆ ಮತ್ತೆ ಸಿಕ್ಕಿಬಿದ್ದವರನ್ನೂ ಇದರಲ್ಲಿ ಒಂದೇ ಪಟ್ಟಿಗೆ ಸೇರಿಸಿದ್ದಾರೆ.

ಅಲ್ಲಿನ ಆಂಗ್ಲಿಕನ್ ಆರ್ಚ್‌ಬಿಷಪ್ ಸ್ಟೀಫನ್ ಕಜಿಂಬಾ ಕಾನೂನನ್ನು ಸ್ವಾಗತಿಸಿದರು. ಒಂದೇ ಒಂದು ತಕರಾರು ಅವರದು: ಮರಣದಂಡನೆ ಬೇಡ, ಬದಲಿಗೆ ಜೀವಾವಧಿ ಇರಲಿ.

ನಾನೂ ಕ್ರೈಸ್ತ. ಈ ಮಾತು ಓದಿದ ದಿನದಿಂದ ತಲೆಯಿಂದ ಹೋಗಿಲ್ಲ. ಗಲ್ಲಿಗೆ ಹಾಕಿ ಅಂದಿದ್ದರೆ ಸುಮ್ನೆ ಕ್ರೂರಿ ಅಂದುಕೊಂಡು ಮುಂದೆ ಹೋಗಬಹುದಿತ್ತು. ಆದರೆ ಒಬ್ಬ ಸಭಾಪಾಲಕ ಕೂತು, ಯೋಚಿಸಿ, ಸಾಯುವವರೆಗೂ ಜೈಲು ಸಾಕು ಅಂತ ಅಳೆದು ಕೊಟ್ಟಿದ್ದಾರೆ. ಅದನ್ನೇ ದಯೆ ಅಂದುಕೊಂಡಿರಬಹುದು.

ಸಲಿಂಗಕಾಮ ಪಾಪ ಅಂತ ನಂಬುವವರ ಜೊತೆ ನನಗೆ ಬೇರೆ ಜಗಳ ಇದೆ, ಅದನ್ನು ಇನ್ನೊಮ್ಮೆ ಆಡೋಣ. ಇಲ್ಲಿ ನನ್ನ ಪ್ರಶ್ನೆ ಚಿಕ್ಕದು. ಪಾಪಕ್ಕೂ ಪೊಲೀಸರಿಗೂ ಏನು ಸಂಬಂಧ? ಸುಳ್ಳು, ದುರಾಸೆ, ಜಂಬ ಎಲ್ಲವೂ ಪಾಪ. ಅದಕ್ಕೆಲ್ಲ ಕೈಕೋಳ ಹಾಕಿದರೆ ಭಾನುವಾರದ ಆರಾಧನೆ ಜೈಲಿನಲ್ಲೇ ನಡೆಸಬೇಕು, ಪ್ರಸಂಗ ಮಾಡುವವರೂ ಒಳಗೇ ಇರುತ್ತಾರೆ ಅಲ್ವಾ?

ಇದು ಹೊಸ ವಿಚಾರವೇನಲ್ಲ. 1957ರಲ್ಲಿ ಬ್ರಿಟನ್ನಿನಲ್ಲಿ ವುಲ್ಫೆಂಡನ್ ವರದಿ ಬಂತು, ದೊಡ್ಡವರು ಒಪ್ಪಿ ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧ ಅಪರಾಧವಾಗಬಾರದು ಅಂತ ಅದು ಹೇಳಿತು. ಇಂಗ್ಲೆಂಡ್ ಚರ್ಚಿನ ಅತ್ಯಂತ ಹಿರಿಯ ಬಿಷಪ್ ಆಗಿದ್ದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜೆಫ್ರಿ ಫಿಶರ್ ಅದನ್ನು ಬೆಂಬಲಿಸಿದರು. ಅವರೇನೂ ಉದಾರವಾದಿಯಲ್ಲ, ಸಲಿಂಗಕಾಮ ಪಾಪ ಅಂತಲೇ ನಂಬಿದ್ದರು. ಆದರೂ ಅದು ಅಪರಾಧವಾಗಬಾರದು ಅಂದರು. 2023ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಹೇಳಿದ್ದೂ ಇದೇ: ಪಾಪ ಬೇರೆ, ಅಪರಾಧ ಬೇರೆ. ಘಾನಾದ ಕಾರ್ಡಿನಲ್ ಟರ್ಕ್‌ಸನ್ ಅದೇ ವರ್ಷ ಇದೇ ಮಾತಾಡಿದರು, ಅವರದೇ ದೇಶದ ಬಿಷಪ್‌ಗಳು ಇನ್ನೊಂದು ಕಡೆ ನಿಂತಿದ್ದಾಗ.

ಉಗಾಂಡಾದವರು ತಮ್ಮ ಹುತಾತ್ಮರ ಕಥೆ ಹೇಳುತ್ತಾರೆ. ರಾಜ ಮ್ವಾಂಗಾನ ಆಸೆಗೆ ಒಪ್ಪದ ಅರಮನೆಯ ಕ್ರೈಸ್ತ ಹುಡುಗರನ್ನು 1886ರ ಜೂನ್ 3ರಂದು ನಮುಗೊಂಗೊದಲ್ಲಿ ಜೀವಂತ ಸುಟ್ಟರು. ಇವತ್ತಿಗೂ ಆ ದಿನ ಲಕ್ಷಾಂತರ ಜನ ಅಲ್ಲಿಗೆ ನಡೆದು ಬರುತ್ತಾರೆ. ಸಲಿಂಗಕಾಮಕ್ಕೆ ಬಗ್ಗದೆ ಸತ್ತವರ ನಾಡು ನಮ್ಮದು ಅನ್ನುವುದು ಅವರ ವಾದ. ನನಗೆ ಆ ಕಥೆಯಲ್ಲಿ ಕಾಣುವುದು ಬೇರೆ. ಅಧಿಕಾರ ಇದ್ದವನು ಬಲವಂತ ಮಾಡಿದ. ಒಪ್ಪದವರ ಮೈಯನ್ನೂ ನಂಬಿಕೆಯನ್ನೂ ಒಟ್ಟಿಗೆ ಸುಟ್ಟ. ಆ ಹುಡುಗರ ಹೆಸರು ಹೇಳಿಕೊಂಡು ಅದೇ ಅಧಿಕಾರದ ಕೈಗೆ ಬೇರೆ ಹುಡುಗರನ್ನು ಒಪ್ಪಿಸುವುದು ಹೇಗೆ ಸಾಧ್ಯ?

ಸಲಿಂಗಕಾಮವೇ ಪಶ್ಚಿಮದ ಹೇರಿಕೆ ಅನ್ನುವ ಮಾತೂ ಜಾಸ್ತಿ ಕೇಳುತ್ತೇವೆ. ಶಿಕ್ಷೆಯ ಕಾನೂನನ್ನು ಮೊದಲು ತಂದವರು ಬ್ರಿಟಿಷರು. 2009ರಲ್ಲಿ ರಾಜಧಾನಿ ಕಂಪಾಲಾಕ್ಕೆ ಬಂದು ಸಲಿಂಗಿಗಳ ಬಗ್ಗೆ ಭಯ ಹುಟ್ಟಿಸುವ ಭಾಷಣ ಮಾಡಿದವರಲ್ಲಿ ಅಮೆರಿಕದ ಪಾದ್ರಿ ಸ್ಕಾಟ್ ಲೈವ್ಲಿ ಒಬ್ಬರು. ಆ ಹೇರಿಕೆ ಮಾತ್ರ ಯಾಕೋ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದೇ ಉಗಾಂಡಾದಲ್ಲಿ ಕ್ರಿಸ್ಟೋಫರ್ ಸೆನ್ಯೊಂಜೊ ಅನ್ನುವ ಬಿಷಪ್ ಇದ್ದಾರೆ. ನಿವೃತ್ತಿಯ ನಂತರ ಸಲಿಂಗಿಗಳ ಜೊತೆ ಕೂತು ಅವರ ಕಷ್ಟ ಕೇಳತೊಡಗಿದರು. ನೀವು ಇರುವ ಹಾಗೇ ದೇವರಿಗೆ ಬೇಕಾದವರು ಅಂದರು. ಅವರ ಚರ್ಚು ಅವರನ್ನು ದೂರ ಇಟ್ಟಿತು. ಅವರು ಮಾತ್ರ ಬಂದವರಿಗೆ ಬಾಗಿಲು ತೆರೆಯುತ್ತಲೇ ಇದ್ದರು.