ಒಂದು ಗಂಟೆಯ ಬೆಂಗಳೂರು

ಮಂಗಳೂರು–ಬೆಂಗಳೂರು ನಡುವೆ ಹಾರಾಟಕ್ಕೆ ಕೇವಲ ಒಂದು ಗಂಟೆ. ಹೊಸ ವಿಮಾನದ ಸುದ್ದಿ ಬಂದಾಗಲೆಲ್ಲ ಈ ಸಾಲು ತಪ್ಪದೆ ಬರುತ್ತದೆ. ಸುಳ್ಳೆನ್ನುವಂತಿಲ್ಲ, ವಿಮಾನ ತನ್ನ ಮಾತು ಉಳಿಸಿಕೊಳ್ಳುತ್ತದೆ. ಪ್ರಯಾಣಿಕನ ವಿಷಯದಲ್ಲಿ ಅದು ಮಾತು ಕೊಟ್ಟೇ ಇಲ್ಲ.

ಉಡುಪಿಯವರನ್ನೇ ತೆಗೆದುಕೊಳ್ಳಿ. ಹೆಜಮಾಡಿಯಲ್ಲಿ ಟೋಲ್ ಕಟ್ಟಿ, ಕಿನ್ನಿಗೋಳಿ ದಾಟಿ, ಕಟೀಲಿನ ಅಮ್ಮನಿಗೆ ಕಾರಿನಿಂದಲೇ ಕೈಮುಗಿದು ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡ ಹತ್ತಬೇಕು. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಆ ಭಯಕ್ಕೆ ಎರಡು ಗಂಟೆ ಮೊದಲೇ ಹಾಜರು. ಬೆಲ್ಟು ಬಿಚ್ಚಿ, ಮತ್ತೆ ಕಟ್ಟಿ, ಊರಿನಲ್ಲಿ ಒಂದು ಊಟಕ್ಕೆ ಕೊಡುವಷ್ಟು ಹಣವನ್ನು ಚಹಾಕ್ಕೆ ಕೊಟ್ಟು ಹಾರಿದರೆ ಇಳಿಯುವುದು ಬೆಂಗಳೂರಿನಲ್ಲಲ್ಲ, ದೇವನಹಳ್ಳಿಯಲ್ಲಿ. 2008ಕ್ಕೆ ಮೊದಲು ಊರೊಳಗಿನ ಎಚ್‌ಎಎಲ್ ನಿಲ್ದಾಣದಲ್ಲೇ ಇಳಿಸುತ್ತಿದ್ದರು. ಈಗ ವಾಯುವಜ್ರ ಬಸ್ಸಿನಲ್ಲಿ ಹೆಬ್ಬಾಳದ ಸಂದಣಿಯಲ್ಲಿ ಕುಳಿತು, ಇಷ್ಟು ಹೊತ್ತಿಗೆ ದುಬೈ ತಲುಪಿ ಭಾವನ ಮನೆಯಲ್ಲಿ ಊಟಕ್ಕೆ ಕೂರಬಹುದಿತ್ತಲ್ಲ ಎಂದು ಲೆಕ್ಕ ಹಾಕಬಹುದು.

ಟಿಕೆಟ್ಟಿನಲ್ಲಿರುವ ಆ ಒಂದು ಗಂಟೆಯೂ ಪೂರ್ತಿ ಆಕಾಶದ್ದಲ್ಲ. ಇಲ್ಲಿ ನಿಂತ ಜಾಗದಿಂದ ಕದಲಿ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ಅದರೊಳಗೆ ಕಂಪನಿಗಳು ತಮಗಾಗಿ ಒಂದಿಷ್ಟು ನಿಮಿಷ ಮೊದಲೇ ಎತ್ತಿಟ್ಟುಕೊಂಡಿರುತ್ತವೆ. ಅದರ ಮೇಲೂ ಹದಿನೈದು ನಿಮಿಷದೊಳಗಿನ ವಿಳಂಬ ದಾಖಲೆಯಲ್ಲಿ ವಿಳಂಬವೇ ಅಲ್ಲ. ಈ ವಿದ್ಯೆ ನಮ್ಮ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನವರಿಗೆ ಒಲಿದಿಲ್ಲ. ಅಲ್ಲಿ ಟೈಮಿಂಗ್ ಎರಡು ನಿಮಿಷ ತಪ್ಪಿದರೆ ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು, ಮುಂದಿನವನ ಮೂರು ತಲೆಮಾರನ್ನು ತುಳುವಿನಲ್ಲಿ ಸ್ಮರಿಸುತ್ತಾನೆ. ಆ ಕಂಡಕ್ಟರನ್ನು ವಿಮಾನಯಾನ ಇಲಾಖೆಗೆ ನಿರ್ದೇಶಕನನ್ನಾಗಿ ನೇಮಿಸಬೇಕೆಂದು ನನ್ನ ವಿನಮ್ರ ಸಲಹೆ.

ಆಕಾಶದಲ್ಲಿ ಸುಮಾರು 300 ಕಿಲೋಮೀಟರ್, ರಸ್ತೆಯಲ್ಲಿ ಸುಮಾರು 350. ವ್ಯತ್ಯಾಸ ಐವತ್ತೇ! ಶಿರಾಡಿ ಘಾಟಿ, ಮಗುಚಿದ ಟ್ಯಾಂಕರ್, ಮಂತ್ರಿಗಳ ಪರಿಶೀಲನೆ, ಎಲ್ಲವನ್ನೂ ಆ ಐವತ್ತರೊಳಗೆ ತುಂಬಿಸಿದ್ದೇವೆ.

ಇನ್ನು ರೈಲು. ಹಳಿ ಅಗಲ ಮಾಡುತ್ತೇವೆಂದು 1996ರಲ್ಲಿ ನಿಲ್ಲಿಸಿದ ಮಂಗಳೂರು–ಹಾಸನ ದಾರಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಒಂದನೇ ತರಗತಿಯ ಮಗು ಪಿಯುಸಿಗೆ ಬಂದಿತ್ತು. 2024ರ ಜುಲೈಯಲ್ಲಿ ಯಡಕುಮಾರಿ ಬಳಿ ಹಳಿಯಡಿಯ ಮಣ್ಣು ಜಾರಿ ರೈಲು ನಿಂತಿತು, ಅದೇ ಮಳೆಗೆ ಶಿರಾಡಿಯೂ ಕುಸಿಯಿತು. ಅಂಥ ದಿನಗಳಲ್ಲಿ ವಿಮಾನದ ದರ ಗಗನಕ್ಕೇರಿದರೆ ಅದಕ್ಕೆ ಬೇಡಿಕೆ ಎಂದು ಹೆಸರು. ಯಾರ ಬೇಡಿಕೆ? ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿರುವ ರೋಗಿಯದು, ನಾಳೆ ಸಂದರ್ಶನವಿರುವ ಹುಡುಗಿಯದು. ಅವರು ವಿಮಾನ ಬೇಡಿದವರಲ್ಲ, ಬಸ್ಸು ಹೋದರೆ ಸಾಕೆಂದವರು. ಪ್ರತಿ ವರ್ಷ ಅದೇ ಘಾಟಿ, ಅದೇ ಮಳೆ, ಅದೇ ತುರ್ತು ಸಭೆ. ನಗುವುದಕ್ಕೂ ಬೇಸರ ಬಂದಿದೆ.

ಶಿರಾಡಿಗೆ ಸುರಂಗ ಕೊರೆಯುತ್ತಾರಂತೆ. ಕೊರೆಯಲಿ. ಅಲ್ಲಿಯವರೆಗೆ ಇರುವ ರಸ್ತೆಯ ಗುಂಡಿಗಳನ್ನು ಮೇ ತಿಂಗಳಲ್ಲೇ ಮುಚ್ಚಿಬಿಡಿ. ಜುಲೈ ಮಳೆಯಲ್ಲಿ ಜಲ್ಲಿ ಸುರಿದು ಫೋಟೊ ತೆಗೆಸಿಕೊಳ್ಳಬೇಡಿ.