ಜೆಕ್ ದೇಶದ ದಿನಸಿ ಚೀಲ

ಜೆಕ್ ಗಣರಾಜ್ಯದ ಉತ್ತರ ಭಾಗದಲ್ಲಿ ತುರ್ನೋವ್ ಎಂಬ ಸಣ್ಣ ಊರಿದೆ. ಅದರ ಹತ್ತಿರ ಅಡುಗೆಮನೆಯಿರುವ ಒಂದು ಮನೆಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದು ನಾನು, ನಮ್ಮ ಯಜಮಾನರು ಮತ್ತು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕೆಲಸದಲ್ಲಿರುವ ಮಗಳು ತಂಗಿದ್ದೆವು. ಊರಿಗೆ ಮರಳಿದ ಮೇಲೆ, ಅಲ್ಲಿಗೆ ಹೊರಟಿರುವ ಪರಿಚಿತರು ಏನು ಕೊಳ್ಳಬೇಕು, ಎಲ್ಲಿ ಕೊಳ್ಳಬೇಕು ಎಂದು ಕೇಳುತ್ತಿದ್ದಾರೆ. ನೆನಪಿಗೆಂದು ತರುವ ವಸ್ತುಗಳನ್ನು ಪ್ರಾಗ್‌ನ ಪ್ರವಾಸಿ ಬೀದಿಗಳಲ್ಲಿ ಹುಡುಕಬೇಡಿ, ಹಾಲು ಹಿಟ್ಟು ಕೊಳ್ಳುವ ಅಂಗಡಿಗಳಲ್ಲಿಯೇ ಹುಡುಕಿ ಎಂಬುದು ನನ್ನ ಅಭಿಪ್ರಾಯ.

ನಾವು ತಲುಪಿದ ದಿನ ಸೆಪ್ಟೆಂಬರ್ 28. ಅಂದು ಅಲ್ಲಿ ಸಂತ ವಾಕ್ಲಾವ್‌ನ ಹೆಸರಿನ ರಾಷ್ಟ್ರೀಯ ರಜೆ. 2016ರಿಂದ ಜಾರಿಯಲ್ಲಿರುವ ಕಾನೂನಿನಂತೆ ಇಂಥ ಕೆಲವು ರಜಾದಿನಗಳಲ್ಲಿ 200 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಬಾಗಿಲು ತೆರೆಯುವಂತಿಲ್ಲ. ಇದು ತಿಳಿಯದ ನಾವು ಖಾಲಿ ಚೀಲ ಹಿಡಿದು ಸೂಪರ್ ಮಾರ್ಕೆಟ್ಟಿನ ಮುಂದೆ ಪೆಚ್ಚಾಗಿ ನಿಂತೆವು. ಬಾಡಿಗೆ ಮನೆಯಲ್ಲಿ ಪಾತ್ರೆಗಳಿದ್ದವೇ ಹೊರತು ಒಂದು ಚಿಟಿಕೆ ಉಪ್ಪೂ ಇರಲಿಲ್ಲ. ಕೊನೆಗೆ ನಮ್ಮ ಕೈಹಿಡಿದದ್ದು ವಿಯೆಟ್ನಾಂ ಮೂಲದ ಕುಟುಂಬವೊಂದು ನಡೆಸುವ 'ವೆಚೆರ್ಕಾ', ಎಂದರೆ ರಾತ್ರಿಯವರೆಗೂ ತೆರೆದಿರುವ ಚಿಲ್ಲರೆ ಅಂಗಡಿ. ಕಮ್ಯುನಿಸ್ಟ್ ಆಡಳಿತದ ಕಾಲದ ಒಪ್ಪಂದಗಳ ಮೇರೆಗೆ ಓದಲು, ದುಡಿಯಲು ಬಂದ ವಿಯೆಟ್ನಾಮಿಗಳು ಅಲ್ಲೇ ನೆಲೆನಿಂತು ಇಂಥ ಅಂಗಡಿಗಳನ್ನು ದೇಶದ ತುಂಬ ನಡೆಸುತ್ತಿದ್ದಾರೆ. ಅಕ್ಕಿ, ಶುಂಠಿ, ಹಸಿಮೆಣಸಿನಕಾಯಿ ಮೂರೂ ಅಲ್ಲಿ ಸಿಕ್ಕವು. ಆ ರಾತ್ರಿ ಚಿತ್ರಾನ್ನವಾಯಿತು.

ಮರುದಿನ ಸೂಪರ್ ಮಾರ್ಕೆಟ್ಟಿನಲ್ಲಿ ಹಿಟ್ಟಿನ ಸಾಲಿನ ಮುಂದೆಯೇ ಅರ್ಧ ಗಂಟೆ ಕಳೆಯಿತು. ಜೆಕ್ ಜನರು ಗೋಧಿ ಹಿಟ್ಟನ್ನು ಬೀಸಿದ ನುಣುಪಿಗೆ ತಕ್ಕಂತೆ ಹ್ಲಾದ್ಕಾ, ಪೊಲೊಹ್ರುಬಾ, ಹ್ರುಬಾ ಎಂದು ಮೂರಾಗಿ ವಿಂಗಡಿಸುತ್ತಾರೆ. ಮೊದಲನೆಯದು ನಮ್ಮ ಮೈದಾದಂತೆ ನುಣ್ಣಗಿರುತ್ತದೆ. ಕಡುಬಿನಂಥ ಅವರ ಕ್ನೆಡ್ಲೀಕಿಗೆ ಬಳಸುವ ಮೂರನೆಯದು ಬೆರಳಿನ ನಡುವೆ ಚಿರೋಟಿ ರವೆಯನ್ನು ನೆನಪಿಸುವಷ್ಟು ತರಿತರಿ. ಉಪ್ಪಿಟ್ಟಿಗೆ ಬೇಕಾದ ರವೆಯ ಹೆಸರು 'ಕ್ರುಪಿಟ್ಸೆ'. ಹಾಲಿನ ವಿಷಯದಲ್ಲಿ ಮಾತ್ರ ನಾನು ಎಡವಿದೆ. ನೀಲಿ ಪೊಟ್ಟಣವೊಂದನ್ನು ಹಾಲೆಂದು ನಂಬಿ ಕಾಫಿಗೆ ಸುರಿದರೆ ಲೋಟದಲ್ಲಿ ಹೆಪ್ಪು ತೇಲಿತು. ಅದರ ಮೇಲಿದ್ದ ಹೆಸರು 'ಪೊದ್‌ಮಾಸ್ಲೀ'. ಬಿಡಿಸಿ ಓದಿದರೆ ಬೆಣ್ಣೆಯ ಅಡಿಯದು ಎಂದಾಗುತ್ತದೆ, ಸಾಕ್ಷಾತ್ ಮಜ್ಜಿಗೆ! ಕಾಫಿ ಹಾಳಾದರೂ ವಾರವಿಡೀ ಊಟದ ಕೊನೆಗೆ ಮಜ್ಜಿಗೆಗೆ ಕೊರತೆಯಾಗಲಿಲ್ಲ. ಯಜಮಾನರು ಕುಡಿದ ಬಿಯರಿನ ಗಾಜಿನ ಸೀಸೆಗಳನ್ನು ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿದರೆ ಒಂದು ಚೀಟಿ ಬರುತ್ತದೆ, ಸೀಸೆಗೆಂದು ಕಟ್ಟಿದ ಠೇವಣಿಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತಾರೆ.

ಬಿಸಿನೀರಿನ ಬುಗ್ಗೆಗಳ ಊರಾದ ಕಾರ್ಲೊವಿ ವಾರಿಯ ಹೆಸರಿನ ಪ್ರಸಿದ್ಧ 'ಒಪ್ಲಾಟ್ಕಿ', ಅಂಗೈಯಗಲದ ತೆಳು ವೇಫರ್ ಬಿಲ್ಲೆಗಳು, ಇದೇ ಅಂಗಡಿಯ ಬಿಸ್ಕತ್ತಿನ ಸಾಲಿನಲ್ಲಿ ಇದ್ದವು. ಪಕ್ಕದ ಬೀದಿಯ ಲೇಖನ ಸಾಮಗ್ರಿಯ ಅಂಗಡಿಯಲ್ಲಿ ಕೊಹಿನೂರ್ ಹಾರ್ಟ್‌ಮುಟ್ ಪೆನ್ಸಿಲುಗಳು ಬಿಡಿಬಿಡಿಯಾಗಿ ಸಿಕ್ಕವು. 1790ರಲ್ಲಿ ವಿಯೆನ್ನಾದಲ್ಲಿ ಆರಂಭವಾಗಿ ಮುಂದೆ ಜೆಕ್ ಊರಾದ ಚೆಸ್ಕೆ ಬುದೆಯೊವಿಟ್ಸೆಗೆ ಬಂದ ಈ ಕಂಪನಿ ತನ್ನ ಪೆನ್ಸಿಲಿಗೆ ನಮ್ಮ ನಾಡಿನ ವಜ್ರದ ಹೆಸರನ್ನು ಇಟ್ಟುಕೊಂಡಿದೆ. ಅಕ್ಕನ ಮೊಮ್ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕಾಣಿಕೆ ಹೊಳೆಯಲಿಲ್ಲ.

ಒಂದು ದಿನ ಪ್ರಾಗ್‌ಗೂ ಹೋಗಿದ್ದೆವು. ಹಳೆಯ ಪೇಟೆಯ ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿರುವ ಮರದ ಮಾತ್ರ್ಯೋಷ್ಕಾ ಗೊಂಬೆಗಳು ರಷ್ಯದವು. ಬೀದಿ ತುಂಬ ಸಕ್ಕರೆಯ ಕಂಪು ಬೀರುವ, ಕೋಲಿಗೆ ಹಿಟ್ಟು ಸುತ್ತಿ ಸುಡುವ ತ್ರ್‌ದೆಲ್ನಿಕ್ ಕೂಡ ಪ್ರಾಗ್‌ನ ಸಾಂಪ್ರದಾಯಿಕ ತಿಂಡಿಯಲ್ಲ. ಅಲ್ಲಿಯ ಹಣ ಇನ್ನೂ ಕೊರುನಾ, ಯೂರೋ ಅಲ್ಲ. 'ಕಮಿಷನ್ ಇಲ್ಲ' ಎಂಬ ಫಲಕವನ್ನು ನಂಬಿ ಒಂದು ಕೌಂಟರಿನಲ್ಲಿ ಯೂರೋ ಬದಲಿಸಿದ ಯಜಮಾನರಿಗೆ ತೀರ ಕಡಿಮೆ ದರ ಸಿಕ್ಕಿತು. 2019ರಿಂದ, 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದುಪಡಿಸುವ ಹಕ್ಕು ಗ್ರಾಹಕರಿಗಿದೆ ಎಂದು ಮಗಳಿಗೆ ಗೊತ್ತಿತ್ತು. ರಸೀದಿ ತೋರಿಸಿದ ಮೇಲೆ, ಗೊಣಗುತ್ತಲೇ ಆದರೂ, ಹಣ ಹಿಂದಿರುಗಿಸಿದರು. ಆದ್ದರಿಂದ ರಸೀದಿಯನ್ನು ಎಸೆಯಬೇಡಿ.

ಬೆಲೆಬಾಳುವಂಥದ್ದನ್ನು ನಾನು ಕೊಂಡದ್ದು ತುರ್ನೋವ್‌ನಲ್ಲಿ. ಈ ಊರು ಬೊಹೀಮಿಯಾದ, ಎಂದರೆ ಜೆಕ್ ದೇಶದ ಪಶ್ಚಿಮ ಭಾಗದ, ಕಡುಗೆಂಪು ಗಾರ್ನೆಟ್ ಕಲ್ಲಿನ ಒಡವೆಗೆ ಹೆಸರುವಾಸಿ. ನಮ್ಮ ನವರತ್ನಗಳಲ್ಲಿರುವ ಗೋಮೇಧಿಕವೂ ಗಾರ್ನೆಟ್ ಜಾತಿಯದೇ, ಬಣ್ಣ ಮಾತ್ರ ಬೇರೆ. ಬೊಹೀಮಿಯಾದ ಈ ಕಲ್ಲುಗಳು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಗಾತ್ರದವು. ಹಾಗಾಗಿಯೇ ಅಲ್ಲಿಯ ಅಕ್ಕಸಾಲಿಗರು ದಾಳಿಂಬೆಯ ಕಾಳುಗಳಂತೆ ಅವನ್ನು ಒತ್ತೊತ್ತಾಗಿ ಕೂರಿಸುತ್ತಾರೆ. ಬಟಾಣಿಗಿಂತ ದೊಡ್ಡ ಕಲ್ಲನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಅನುಮಾನಿಸುವುದು ಒಳ್ಳೆಯದು. ಪ್ರಮಾಣಪತ್ರದೊಂದಿಗೆ ಒಂದು ಜೊತೆ ಓಲೆ ತೆಗೆದುಕೊಂಡೆ. ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಕೊರುನಾಕ್ಕಿಂತ ಹೆಚ್ಚು ಖರೀದಿಸಿದರೆ ನಮ್ಮಂಥ ಹೊರಗಿನವರಿಗೆ ತೆರಿಗೆ ವಾಪಸಾತಿಯ ಅವಕಾಶವಿದೆ. ಅದಕ್ಕೆ ಅಂಗಡಿಯಲ್ಲೇ ಫಾರ್ಮ್ ಕೇಳಿ ಪಡೆದು, ಯುರೋಪಿಯನ್ ಒಕ್ಕೂಟವನ್ನು ಬಿಡುವ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಮುದ್ರೆ ಹಾಕಿಸಿಕೊಳ್ಳಬೇಕು.

ಅಲ್ಲಿಂದ ಸ್ವಲ್ಪ ಉತ್ತರಕ್ಕಿರುವ ಯಾಬ್ಲೊನೆಟ್ಸ್ ಗಾಜಿನ ಮಣಿಗಳ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಸೀಮೆಯ ಕುಲುಮೆಗಳಲ್ಲಿ ಗಾಜಿನ ಬಳೆಗಳು ತಯಾರಾಗಿ ಭಾರತಕ್ಕೆ ರಫ್ತಾಗುತ್ತಿದ್ದವು. ನಮ್ಮ ಮುತ್ತಜ್ಜಿಯರ ಕಾಲದ ಬಳೆಗಾರರ ಮಲಾರದಲ್ಲಿ ಇವೂ ಇದ್ದಿರಬಹುದು ಎಂದು ಹೇಳಿದಾಗ, ಲಗೇಜಿನ ತೂಕವನ್ನೇ ಲೆಕ್ಕ ಹಾಕುತ್ತಿದ್ದ ಯಜಮಾನರು ಇನ್ನೊಂದು ಸರ ಮಣಿ ತೆಗೆದುಕೋ ಎಂದರು.